ವೇನಿಂಗ್ ಕಾಟ ಮತ್ತು ಜರ್ಮನಿಯ ಡೆಬಿಟ್ ನೋಟು: ಬೆಳಗಾವಿಯ ಕೋರ್ ಶಾಪಿನಲ್ಲಿ ನನ್ನ ಅನುಭವ

ಹೈಡ್ರಾಲಿಕ್ ವಾಲ್ವ್ ಬಾಡಿ ಹೊಯ್ಯುವವರಿಗೆ ವೇನಿಂಗ್ ಎಂದರೇನೆಂದು ವಿವರಿಸಬೇಕಾಗಿಲ್ಲ. ಉಳಿದವರಿಗೆ ಹೇಳುವುದಾದರೆ, ಎರಕದೊಳಗೆ ಟೊಳ್ಳು ಬರಲು ಇಡುವ ಮರಳಿನ ಅಚ್ಚಾದ ಕೋರ್ ಬಿಸಿಗೆ ಸೀಳಿ, ಆ ಬಿರುಕಿಗೆ ಕರಗಿದ ಲೋಹ ನುಗ್ಗಿ ತೆಳು ಏಣುಗಳಾಗಿ (ಫಿನ್) ಉಳಿಯುವುದೇ ವೇನಿಂಗ್. ತೈಲದ ದಾರಿಯಲ್ಲಿ ಉಳಿದ ಫಿನ್ನುಗಳನ್ನು ಫೆಟ್ಲಿಂಗ್‌ನಲ್ಲಿ (ಎರಕವನ್ನು ಉಜ್ಜಿ ಶುಚಿಗೊಳಿಸುವಾಗ) ತೆಗೆದರೆ ಒಳನಾಡಿನ ಗ್ರಾಹಕರು ಒಪ್ಪುತ್ತಿದ್ದರು. ಜರ್ಮನಿಯ ಗ್ರಾಹಕರಾದರೋ ಬೋರೊಸ್ಕೋಪ್ (ಒಳಗನ್ನು ನೋಡುವ ಸಣ್ಣ ನಳಿಕೆ) ತೂರಿಸಿ ನೋಡಿ, ಒಂದು ಎಳೆ ಕಂಡರೂ ಇಡೀ ಲಾಟನ್ನು ತಡೆದು, ಅಲ್ಲಿಯೇ ಸಾರ್ಟಿಂಗ್ (ದೋಷದ ಮಾಲನ್ನು ಬೇರ್ಪಡಿಸುವ ಕೆಲಸ) ಮಾಡಿಸಿ, ಗಂಟೆಯ ಲೆಕ್ಕದ ಯೂರೋ ಬಿಲ್ಲನ್ನು ನಮಗೆ ಕೊಡಬೇಕಾದ ಹಣದಿಂದ ಕಳೆಯುವ ಡೆಬಿಟ್ ನೋಟಾಗಿ ನಮಗೆ ಕಳುಹಿಸುತ್ತಿದ್ದರು. ಇದಕ್ಕೂ ಬದಲಿ ಮಾಲಿನ ವಿಮಾನ ಬಾಡಿಗೆಗೂ ಒಂದೇ ವರ್ಷದಲ್ಲಿ ಸುಮಾರು 18 ಲಕ್ಷ ರೂಪಾಯಿ ಹೋದ ನೆನಪು. ರಫ್ತಿನ ಗೊಡವೆ ಬಿಟ್ಟು ಪಂಪಿನ ಎರಕ ನೋಡಿಕೊಳ್ಳಿ ಎಂದು ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಹಿರಿಯರೇ ಬುದ್ಧಿ ಹೇಳಿದ್ದರು.

ಸಿಲಿಕಾ ಮರಳು 573 ಡಿಗ್ರಿಯ ಹತ್ತಿರ ಹಿಗ್ಗಿ ಕೋರನ್ನು ಸೀಳುವುದನ್ನು ತಡೆಯಲು ಮೊದಲು ಕೆಂಪು ಐರನ್ ಆಕ್ಸೈಡ್ ಬೆರೆಸಿದೆವು. ಶೇ 2ರ ಆಸುಪಾಸು ಬೆರೆಸಿದಾಗ ಫಿನ್ ಇಳಿಯಿತಾದರೂ, ನುಣುಪು ಪುಡಿ ಮರಳನ್ನು ಅಂಟಿಸುವ ರೆಸಿನ್ ಹೀರಿ ಕೋರಿನ ಬಲ ಕುಸಿಯಿತು. ರೆಸಿನ್ ಏರಿಸಿದೊಡನೆ ಅದರ ಅನಿಲದಿಂದ ಎರಕದಲ್ಲಿ ಬ್ಲೋಹೋಲ್ (ಗಾಳಿತೂತು) ಶುರುವಾಯಿತು. ಮರದ ಹುಡಿಯಂತೆ ಉರಿದು ಮರಳು ಹಿಗ್ಗಲು ಜಾಗ ಕೊಟ್ಟೀತೆಂಬ ಆಸೆಯಿಂದ ಕಾಫಿ ಹೊಟ್ಟಿನ ಪುಡಿಯನ್ನೂ ಹಾಕಿ ನೋಡಿದೆ. ಫಿನ್ ಬರುವುದು ನಿಂತಿತು, ಎರಕ ಮಾತ್ರ ಜೇನುಗೂಡಾಯಿತು. ಪೂರ್ತಿ ಕ್ರೋಮೈಟ್ (ಬಿಸಿಗೆ ಕಡಿಮೆ ಹಿಗ್ಗುವ ಅದಿರಿನ ಮರಳು) ಕೋರಿನಲ್ಲಿ ದೋಷವೇ ಕಾಣಲಿಲ್ಲ, ಆದರೆ ಕಿಲೋಗೆ ಹತ್ತು ಪಟ್ಟು ದರ, ಜೊತೆಗೆ ಸಿಲಿಕಾದ ಒಂದೂವರೆ ಪಟ್ಟಿಗೂ ಮೀರಿದ ತೂಕ. ಲಾಭ ಅಲ್ಲಿಗೇ ಮುಗಿಯುತ್ತಿತ್ತು.

ಕಡೆಗೆ ಕೈಹಿಡಿದದ್ದು ಕೋರನ್ನು ಬೇರೆ ಬೇರೆ ತುಂಡುಗಳಾಗಿ ಮಾಡಿ ಜೋಡಿಸುವ ಕ್ರಮ. ತೈಲ ಹರಿಯುವ ಸಣ್ಣ ಗ್ಯಾಲರಿಗಳಿಗೆ ಮಾತ್ರ ಕ್ರೋಮೈಟ್, ಉಳಿದದ್ದಕ್ಕೆ ಆಕ್ಸೈಡ್ ಬೆರೆತ ಸಿಲಿಕಾ. ಬೆರಕೆಯ ಪಾಲನ್ನೂ ಕೋರಿಗೆ ಬಳಿಯುವ ಕೋಟಿಂಗ್ ಒಣಗಿಸುವ ಬಗೆಯನ್ನೂ ಇಲ್ಲಿ ಬರೆಯುವುದಿಲ್ಲ; ಅವು ನಮ್ಮ ಅನ್ನ. ಶೇ 9ರಷ್ಟಿದ್ದ ರಿಜೆಕ್ಷನ್ ಈಗ ಶೇ 1ರ ಸುತ್ತಮುತ್ತ ಇದೆ, ಬುದ್ಧಿ ಹೇಳಿದವರಲ್ಲಿ ಇಬ್ಬರು ನಮ್ಮ ಕೋರ್ ಬಾಕ್ಸ್ ನೋಡಲು ಬಂದಿದ್ದಾರೆ.

ರಫ್ತಿನ ಗುಣಮಟ್ಟ ಹೊಸತನವನ್ನು ತಾನಾಗಿ ತರುತ್ತದೆ ಎಂಬ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಆ ಒತ್ತಡವಿಲ್ಲದೆ ಕೋರಿನ ಅನಿಲ ಅಳೆಯುವ ಯಂತ್ರಕ್ಕೆ ನಾನು ಹಣ ಹಾಕುತ್ತಿರಲಿಲ್ಲ, ನಿಜ. ಆದರೆ ಪಿಪಿಎಪಿ, ಎಂದರೆ ಉತ್ಪಾದನೆಗೆ ಮೊದಲಿನ ಗ್ರಾಹಕರ ಒಪ್ಪಿಗೆ, ಆದ ಭಾಗದಲ್ಲಿ ಮರಳು, ರೆಸಿನ್ ಯಾವುದನ್ನು ಬದಲಿಸಿದರೂ ಮತ್ತೆ ಸ್ಯಾಂಪಲ್ ಕಳುಹಿಸಿ ತಿಂಗಳುಗಟ್ಟಲೆ ಕಾಯಬೇಕು. ಹಾಗಾಗಿ ನಮ್ಮ ಪ್ರಯೋಗಗಳೆಲ್ಲ ನಡೆದದ್ದು ಒಳನಾಡಿನ ಒಂದು ಗ್ರಾಹಕರ ವಾಲ್ವಿನ ಮೇಲೆ, ಅವರ ಒಪ್ಪಿಗೆ ಪಡೆದು, ಕಿಲೋಗೆ ಎರಡು ರೂಪಾಯಿ ಬಿಟ್ಟುಕೊಟ್ಟು. ಅಲ್ಲಿ ಗೆದ್ದದ್ದನ್ನಷ್ಟೇ ಜರ್ಮನಿಗೆ ಒಪ್ಪಿಸಿದೆವು. ಈಗ ಬಳಸಿದ ಕ್ರೋಮೈಟನ್ನು ಅಯಸ್ಕಾಂತದಿಂದ ಬೇರ್ಪಡಿಸುವ ಕೆಲಸ ನಡೆದಿದೆ. ಸಿಲಿಕಾ ಇನ್ನೂ ಬೆರೆತು ಬರುತ್ತಿರುವುದರಿಂದ ಆ ಮರಳನ್ನು ರಫ್ತಿನ ಕೋರಿಗೆ ಮುಟ್ಟಿಸಿಲ್ಲ.