ಬೆಂಗಳೂರಿನಲ್ಲಿ ರೂಮು ಮಾಡುವ ಮುನ್ನ

ಕಾಲೇಜು ಸೀಟು ಖಾತ್ರಿಯಾಗಿ ಬೆಂಗಳೂರಿಗೆ ಬಂದಿಳಿದವರು ಪಿಜಿ (ಪೇಯಿಂಗ್ ಗೆಸ್ಟ್ ವಸತಿ) ಬಾಗಿಲಲ್ಲಿ ನಿಂತು ಮೊದಲು ಕೇಳುವುದು 'ಬಾಡಿಗೆ ಎಷ್ಟು?' ಅಂತ. ಅದು ಬೋರ್ಡಿನ ಮೇಲೇ ಇರುತ್ತದೆ. ಕೇಳಬೇಕಾದ್ದು ಇನ್ನೊಂದು: 'ಬಿಟ್ಟು ಹೋಗುವಾಗ ಅಡ್ವಾನ್ಸಿನಲ್ಲಿ ಎಷ್ಟು ವಾಪಸ್ ಕೊಡ್ತೀರಿ, ಯಾವಾಗ ಕೊಡ್ತೀರಿ?'

ಪಿಜಿಗಿಂತ ಮೊದಲು ಹಾಸ್ಟೆಲಿನ ಅರ್ಜಿ ಹಾಕಿಬಿಡಿ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿಗೆ ಸ್ಟೇಟ್ ಹಾಸ್ಟೆಲ್ ಪೋರ್ಟಲ್‌ನಲ್ಲಿ ಅರ್ಜಿ ಕರೆಯುತ್ತಾರೆ. ನಾಡಕಚೇರಿ ಕೊಟ್ಟ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಕೈಯಲ್ಲಿರಲಿ. ಆಧಾರ್‌ನಲ್ಲಿ ಒಂದು ಹೆಸರು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಇನಿಷಿಯಲ್ ಇದ್ದರೆ ಅರ್ಜಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಊರಲ್ಲಿರುವಾಗಲೇ ಸರಿಮಾಡಿಸಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಊಟ-ವಸತಿಗೆಂದು ವಿದ್ಯಾಸಿರಿ ಇದೆ. ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳಿಗೆಂದು ಶುರುವಾದ ಯೋಜನೆ ಅದು. ಜಾತಿ ಸಂಘಗಳ, ಮಠಗಳ ಹಾಸ್ಟೆಲ್‌ಗಳೂ ಇವೆ. ಮೆಜೆಸ್ಟಿಕ್ ಬಳಿಯ ಗುಬ್ಬಿ ತೋಟದಪ್ಪನವರ ಧರ್ಮಸಂಸ್ಥೆ ವೀರಶೈವ ಲಿಂಗಾಯತ ವಿದ್ಯಾರ್ಥಿಗಳಿಗೆ ಹಾಸ್ಟೆಲ್ ನಡೆಸುತ್ತದೆ. ಇಂಥ ಕಡೆ ಫೋನಿಗಿಂತ ಆಫೀಸಿಗೇ ಹೋಗಿ ಕೇಳಿದರೆ ಕೆಲಸ ಆಗುತ್ತದೆ.

ಏರಿಯಾವನ್ನು ಕಿಲೋಮೀಟರ್ ಲೆಕ್ಕದಲ್ಲಿ ಆರಿಸಬೇಡಿ. ಬೆಳಿಗ್ಗೆ ಎಂಟೂವರೆಗೆ ಒಮ್ಮೆ ಕಾಲೇಜಿಗೆ ಹೋಗಿ ನೋಡಿ, ಗೊತ್ತಾಗುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಕ್ಯಾಂಪಸ್ಸಿಗೆ ನಾಗರಬಾವಿ, ಕೆಂಗೇರಿ. ಬಸವನಗುಡಿಯ ಕಾಲೇಜುಗಳಿಗೆ ಹನುಮಂತನಗರ, ಶ್ರೀನಗರ. ರಾಮಯ್ಯ ಕಾಲೇಜುಗಳ ಕಡೆಗೆ ಮತ್ತಿಕೆರೆ. ಕೆ.ಆರ್. ಸರ್ಕಲ್‌ನ ಯುವಿಸಿಇ ಎಂಜಿನಿಯರಿಂಗ್ ಕಾಲೇಜಿಗೆ ಹೋಗುವವರು ನೇರಳೆ ಮಾರ್ಗದ ಮೆಟ್ರೊ ಹಾದುಹೋಗುವ ವಿಜಯನಗರ, ಅತ್ತಿಗುಪ್ಪೆಯಲ್ಲಿದ್ದರೂ ಆದೀತು, ಆದರೆ ಕೆಎಎಸ್ ಕೋಚಿಂಗ್‌ಗೆ ಬಂದವರೆಲ್ಲ ಅಲ್ಲೇ ಇರುವುದರಿಂದ ರೂಮು ಖಾಲಿ ಸಿಗುವುದು ಕಷ್ಟ. ಹುಡುಗಿಯರಿಗೆ ಶಕ್ತಿ ಯೋಜನೆಯಡಿ ಬಿಎಂಟಿಸಿ ಸಾಮಾನ್ಯ ಬಸ್ ಉಚಿತ, ಎಸಿ ಇರುವ ವಜ್ರ ಅಲ್ಲ. ನೇರ ಬಸ್ಸಿದ್ದರೆ ಎರಡು ಸ್ಟಾಪ್ ಆಚೆ ಹುಡುಕಿ, ಬಾಡಿಗೆಯಲ್ಲಿ ಉಳಿಯುತ್ತದೆ.

ಪಿಜಿ ನೋಡಲು ರಾತ್ರಿ ಎಂಟಕ್ಕೆ ಹೋಗಿ. ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಎಲ್ಲ ಪಿಜಿಯೂ ಶಾಂತ, ಎಲ್ಲ ಬಾತ್‌ರೂಮೂ ಖಾಲಿ. ರಾತ್ರಿಯಾದರೆ ಊಟ ಏನೆಂದು ಕಾಣುತ್ತದೆ, ಅಲ್ಲಿರುವವರು ಮಾತಿಗೆ ಸಿಗುತ್ತಾರೆ. ಮ್ಯಾನೇಜರ್ ಪಕ್ಕದಲ್ಲಿ ಇಲ್ಲದಾಗ ಎರಡೇ ಪ್ರಶ್ನೆ ಕೇಳಿ: ಭಾನುವಾರ ಮೂರು ಹೊತ್ತೂ ಊಟ ಇದೆಯೇ, ಏಪ್ರಿಲ್‌ನಲ್ಲಿ ನೀರು ಹೇಗಿತ್ತು. ಕಾವೇರಿ ನೀರು ದಿನವೂ ಬರದ ಬಡಾವಣೆಗಳು ಬಹಳ. ಉಳಿದದ್ದು ಬೋರು, ಟ್ಯಾಂಕರ್. ನಲ್ಲಿಯ ಬುಡದಲ್ಲಿ, ಬಕೆಟ್ಟಿನಲ್ಲಿ ಬಿಳಿ ಪದರ ಕಟ್ಟಿದ್ದರೆ ಗಡಸು ನೀರು ಅಂತಲೇ ಅರ್ಥ.

ಹಾಸಿಗೆಯ ಮೂಲೆ ಎತ್ತಿ, ಮಂಚದ ಸಂದಿಗೆ ಮೊಬೈಲ್ ಟಾರ್ಚ್ ಬಿಡಿ. ಕರಿ ಚುಕ್ಕೆಗಳಿದ್ದರೆ ತಿಗಣೆ. ಆ ಮಂಚ ಬೇಡ, ಆ ಪಿಜಿಯೇ ಬೇಡ. ಕಾರಣ, ಅದು ಒಂದು ರೂಮಿನಲ್ಲಿ ನಿಲ್ಲುವ ಪ್ರಾಣಿ ಅಲ್ಲ, ನಿಮ್ಮ ಬ್ಯಾಗಿನಲ್ಲಿ ಊರಿಗೂ ಬರುತ್ತದೆ. ರೂಮನ್ನು ಹೆಜ್ಜೆಯಲ್ಲಿ ಅಳೆಯಿರಿ. 2024ರಲ್ಲಿ ಬಿಬಿಎಂಪಿ ಪಿಜಿಗಳಿಗೆ ಹಾಕಿದ ನಿಯಮದಂತೆ ತಲೆಗೆ ಕನಿಷ್ಠ 70 ಚದರ ಅಡಿ, ದಿನಕ್ಕೆ 135 ಲೀಟರ್ ನೀರು ಕೊಡಬೇಕು. 10 ಅಡಿಗೆ 12 ಅಡಿಯ ಕೋಣೆ ಆ ಲೆಕ್ಕದಲ್ಲಿ ಇಬ್ಬರಿಗೂ ಸಾಲದು. ಅದರಲ್ಲೇ ಮೂರು ಮಂಚ ಹಾಕಿರುತ್ತಾರೆ. ಚೌಕಾಸಿಗಾದರೂ ಈ ಲೆಕ್ಕ ಗೊತ್ತಿರಲಿ. ರಾತ್ರಿ ಕೆಳಗಿನ ಗ್ರಿಲ್ಲಿಗೆ ಬೀಗ ಹಾಕಿದರೆ ಕೀಲಿ ಯಾರ ಹತ್ತಿರ ಇರುತ್ತದೆ ಅಂತಲೂ ಕೇಳಿ. ಬೆಂಕಿ ಬಿದ್ದಾಗ ಹುಡುಕುತ್ತ ಕೂರಲಾಗದು.

ಇನ್ನು ದುಡ್ಡು. ಪಿಜಿಯಲ್ಲಿ ಸಾಮಾನ್ಯವಾಗಿ ಒಂದೆರಡು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್. ಮನೆಗೆ ಹಳೆಯ ರೂಢಿ ಹತ್ತು ತಿಂಗಳು. ಮಾತಾಡಿದರೆ ಐದಾರಕ್ಕೂ ಇಳಿಯುತ್ತಾರೆ. ಬಿಡುವಾಗ ಪಿಜಿಯವರು 'ಮೇಂಟೆನೆನ್ಸ್' ಅಂತ, ಮನೆ ಓನರ್ 'ಪೇಂಟಿಂಗ್' ಅಂತ ಒಂದು ತಿಂಗಳ ಬಾಡಿಗೆ ಮುರಿಯುವುದುಂಟು. ನೋಟಿಸಿನ ಲೆಕ್ಕ ಇನ್ನೂ ಸೂಕ್ಷ್ಮ. 30 ದಿನ ಅನ್ನುತ್ತಾರೆ, ಆದರೆ ಒಂದನೇ ತಾರೀಕಿನೊಳಗೆ ಹೇಳದೆ ಹತ್ತಕ್ಕೆ ಹೇಳಿದರೆ ಮುಂದಿನ ತಿಂಗಳ ಬಾಡಿಗೆಯೂ ಹೋಗುತ್ತದೆ. ಈ ಮೂರನ್ನೂ ವಾಟ್ಸ್ಯಾಪ್‌ನಲ್ಲಿ ನೀವೇ ಬರೆದು ಕಳಿಸಿ, 'ಓಕೆ' ಅನ್ನಿಸಿಕೊಳ್ಳಿ. ಕಟ್ಟಡ ಒಬ್ಬರದು, ಪಿಜಿ ನಡೆಸುವವರು ಇನ್ನೊಬ್ಬರು ಆಗಿರುವುದೇ ಹೆಚ್ಚು. ನಡುವೆ ಪಾರ್ಟಿ ಬದಲಾದರೆ ಹೊಸಬರು 'ಅಡ್ವಾನ್ಸ್ ನನಗೆ ಬಂದಿಲ್ಲ' ಅಂತಾರೆ. ಹಾಗಾಗಿ ನಗದು ಬೇಡ, ಯುಪಿಐ ಮಾಡಿ, ರಸೀದಿ ಇಟ್ಟುಕೊಳ್ಳಿ.

ಮೂರ್ನಾಲ್ಕು ಜನ ಸೇರಿ ಮನೆ ಮಾಡುವುದಾದರೆ ಅಗ್ರಿಮೆಂಟಿನಲ್ಲಿ ಎಲ್ಲರ ಹೆಸರೂ ಇರಲಿ. ಒಬ್ಬನದೇ ಇದ್ದರೆ ಓನರ್ ಅಡ್ವಾನ್ಸ್ ಕೊಡುವುದು ಅವನಿಗೇ. ಅಗ್ರಿಮೆಂಟು 11 ತಿಂಗಳಿಗೆ ಇರುತ್ತದೆ; ವರ್ಷ ಮೀರಿದ ಕರಾರನ್ನು ಕಡ್ಡಾಯವಾಗಿ ನೋಂದಾಯಿಸಬೇಕಾದ್ದರಿಂದ ಈ ರೂಢಿ. ಟೆರೇಸಿನ ಶೀಟ್ ಮನೆ ಅಗ್ಗ, ಆದರೆ ಮಾರ್ಚಿನ ಮಧ್ಯಾಹ್ನ ಅಲ್ಲಿ ಕೂತು ಓದಲಾಗದು. ಲಕ್ಷಗಟ್ಟಲೆ ಕೊಟ್ಟು ಭೋಗ್ಯಕ್ಕೆ ಹಾಕಿಕೊಳ್ಳುವ ವ್ಯವಹಾರ ವಿದ್ಯಾರ್ಥಿಗಳಿಗೆ ಬೇಡವೇ ಬೇಡ.

ಮನೆ ನೋಡುವ ಮೊದಲೇ 'ಗೇಟ್ ಪಾಸ್', 'ಟೋಕನ್' ಅಂತ ದುಡ್ಡು ಕೇಳುವ, ತಾನು ಸೇನೆಯಲ್ಲಿದ್ದೇನೆ ಅನ್ನುವ ಆನ್‌ಲೈನ್ ಓನರ್ ಮೋಸಗಾರ ಅಂತಲೇ ತಿಳಿಯಿರಿ. ದುಡ್ಡು ಬರಲು ಯುಪಿಐ ಪಿನ್ ಒತ್ತಬೇಕಿಲ್ಲ. ಕಳೆದುಕೊಂಡರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಆಧಾರ್ ಜೆರಾಕ್ಸ್ ಕೊಡಿ, ಅದರ ಮೇಲೆ ಯಾತಕ್ಕೆಂದು ಅಡ್ಡ ಬರೆದು. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾರಿಗೂ ಕೊಡಬೇಡಿ. ಸಾಮಾನು ಇಳಿಸುವ ಮುಂಚೆ ಗೋಡೆ, ಫ್ಯಾನು, ಕಮೋಡು, ಕಿಟಕಿ ಗಾಜು ಎಲ್ಲದರ ವಿಡಿಯೊ ಮಾಡಿ. ಕರೆಂಟಿಗೆ ಸಬ್‌ಮೀಟರ್ ಇದ್ದರೆ ರೀಡಿಂಗಿನ ಫೋಟೊ ತೆಗೆದು ಅವತ್ತೇ ಓನರ್‌ಗೆ ಕಳಿಸಿ.