ಕಾಯಿ ಒಡೆಯುವುದು ನಡುವೆ, ಅಲುಗಿದ್ದು ಕಣ್ಣಿನ ತುದಿ

ತಿಪಟೂರಿನ ನಮ್ಮ ಮನೆಯಲ್ಲಿ ತೆಂಗಿನಕಾಯಿಗೆ ಬರವಿಲ್ಲ. ಗೋಲದ ಮೇಲಿನ ಹಾರ್ಮೋನಿಕ್ ಸರಣಿ, ಅಂದರೆ ಗೋಲದ ಮೇಲಿನ ಬೆಲೆಗಳನ್ನು ನಯವಾದ ಅಲೆಗಳ ಮೊತ್ತವಾಗಿ ಬರೆಯುವ ವಿಧಾನ, ತಲೆಗೆ ಹತ್ತದೇ ಹೋದಾಗ ಸುಲಿದ ಕಾಯೊಂದನ್ನು ಮುಂದಿಟ್ಟುಕೊಂಡು, ನಡುವಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಕಣ್ಣಿರುವ ಅರ್ಧಕ್ಕೆ +1, ಇನ್ನರ್ಧಕ್ಕೆ −1. ಗೆರೆ ದಾಟಿದರೆ ಬೆಲೆ ಥಟ್ಟನೆ ಜಿಗಿಯುತ್ತದೆ. ಕಾಯಿ ಪೂರ್ತಿ ದುಂಡಗಿರುವುದಿಲ್ಲ, ಇರಲಿ.

‘ಏನಪ್ಪಾ, ಕಾಯಿಗೂ ಪಾಠ ಮಾಡ್ತಿದ್ದೀಯಾ?’ ಅಂದರು ಅಪ್ಪ.

ಈ ಫಂಕ್ಷನ್‌ಗೆ ಬೇಕಾದ ಅಲೆಗಳು P0, P1, P2 ಅಂತ ಎಣಿಸುವ ಲೆಜಾಂಡ್ರ ಬಹುಪದಿಗಳು ಮಾತ್ರ, ಅದರಲ್ಲೂ ಬೆಸ ಸಂಖ್ಯೆಯವು. ಗುಣಾಂಕಗಳು 3/2, −7/8, 11/16, −75/128, ಹೀಗೆ ಸಾಗುತ್ತವೆ. P99ವರೆಗೆ ಕೂಡಿಸಲು ಲ್ಯಾಪ್‌ಟಾಪ್‌ಗೆ ಹೇಳಿದೆ. ಗೆರೆಯ ಪಕ್ಕದಲ್ಲಿ 1.18ರವರೆಗೆ ಏರಿತು. ಅದು ಗಿಬ್ಸ್ ಉಬ್ಬು, ಜಿಗಿತದ ಪಕ್ಕದಲ್ಲಿ ಮೊತ್ತ ಗುರಿ ಮೀರುವುದು. ಫ್ಯೂರಿಯೆ ಸರಣಿ (ವೃತ್ತದ ಮೇಲಿನ ಇಂಥದೇ ಅಲೆಗಳ ಮೊತ್ತ) ಓದಿದವರಿಗೆಲ್ಲ ಹಳೇ ಪರಿಚಯ. ಗೆರೆಗೂ ಕಣ್ಣಿಗೂ ಮಧ್ಯೆ, 45 ಡಿಗ್ರಿಯಲ್ಲಿ, 1.01 ಬಂತು. ಸರಿ. ಆದರೆ ಗೆರೆಯಿಂದ ಎಲ್ಲಕ್ಕಿಂತ ದೂರ ಇರುವ ಕಣ್ಣಿನ ತುದಿಯಲ್ಲಿ, ಅಂದರೆ ಧ್ರುವದಲ್ಲಿ, 0.92!

ಜಿಗಿತದಿಂದ ದೂರ ಹೋದಷ್ಟೂ ತಪ್ಪು ಕಡಿಮೆ ಆಗಬೇಕು ಅಲ್ವಾ? ಪ್ರೋಗ್ರಾಮಿನಲ್ಲೇ ದೋಷ ಇದೆ ಅಂದುಕೊಂಡು ಮೂರು ರಾತ್ರಿ ಸುಮ್ನೆ ಹಾಳು ಮಾಡಿದೆ. ಕೊನೆಗೆ ಪೆನ್ನು ಹಿಡಿದೆ. ಮೊದಲೇ ಹಿಡಿಯಬೇಕಿತ್ತು.

ಪ್ರತಿ ಗುಣಾಂಕವೂ ಸಮಭಾಜಕದಲ್ಲಿ, ಅಂದರೆ ಎತ್ತರ 0 ಇರುವ ಗೆರೆಯ ಮೇಲೆ, ಅಕ್ಕಪಕ್ಕದ ಎರಡು ಸಮ ಸಂಖ್ಯೆಯ ಬಹುಪದಿಗಳ ಬೆಲೆಯ ವ್ಯತ್ಯಾಸ: P0(0) − P2(0), ಆಮೇಲೆ P2(0) − P4(0). ಧ್ರುವದಲ್ಲಿ ಎಲ್ಲ ಬಹುಪದಿಗಳ ಬೆಲೆಯೂ 1. ಹಾಗಾಗಿ ಕೂಡಿಸಿದರೆ ನಡುವಿನದೆಲ್ಲ ಹೊಡೆದುಹೋಗಿ 1 − P100(0) ಮಾತ್ರ ಉಳಿಯುತ್ತದೆ. P100(0) ಅಂದರೆ 0.0796. ಲ್ಯಾಪ್‌ಟಾಪ್ ಪಾಪ, ಸರಿಯಾಗೇ ಹೇಳಿತ್ತು.

ಧ್ರುವದಲ್ಲಿ ಒಂದೊಂದೇ ಪದ ಸೇರಿಸುತ್ತಾ ಹೋದರೆ ಮೊತ್ತಗಳು 1.5, 0.625, 1.3125, 0.7266 ಅಂತ 1ರ ಆಚೀಚೆ ತೂಗಾಡುತ್ತವೆ. ಕನ್ವರ್ಜ್ ಆಗುತ್ತದೆ, ಅಂದರೆ 1ಕ್ಕೆ ಹತ್ತಿರವಾಗುತ್ತಲೇ ಹೋಗುತ್ತದೆ, ಆದರೆ ಆಮೆ ನಡಿಗೆ. ತಪ್ಪು ಅರ್ಧಕ್ಕಿಳಿಯಲು ನಾಲ್ಕು ಪಟ್ಟು ಪದ ಬೇಕು. P399ವರೆಗೆ ಹೋದರೂ 0.96 ಅಷ್ಟೇ.

ಕಾರಣ ಹೊಳೆದದ್ದು ಬಚ್ಚಲಲ್ಲಿ. ದುಂಡನೆಯ ಬಕೆಟ್ಟಿನ ಅಂಚಿಗೆ ತಟ್ಟಿದರೆ ಅಲೆಗಳು ಸುತ್ತಲಿಂದ ಬಂದು ನಟ್ಟನಡುವೆ ಒಟ್ಟಿಗೆ ಏಳುತ್ತವೆ. ಇಲ್ಲೂ ಅಷ್ಟೇ. ಗೆರೆಯ ಎಲ್ಲ ಬಿಂದುವಿನಿಂದಲೂ ಧ್ರುವಕ್ಕೆ ಒಂದೇ ದೂರ, ಅದಕ್ಕೇ ಜಿಗಿತದ ಅದುರು ಅಲ್ಲಿ ಒಟ್ಟುಗೂಡುತ್ತದೆ. ಇನ್ನೊಂದು ಆಯಾಮ ಸೇರಿಸಿ ನಾಲ್ಕು ಆಯಾಮದ ಜಾಗದ ಗೋಲಕ್ಕೆ ಹೋದರೆ ಅದು ಇಳಿಯುವುದೇ ಇಲ್ಲ. ಧ್ರುವದಲ್ಲಿ ಸರಣಿ ಡೈವರ್ಜ್ ಆಗುತ್ತದೆ, ಯಾವ ಬೆಲೆಗೂ ಬಂದು ನಿಲ್ಲುವುದಿಲ್ಲ.

ಮದ್ದು ಹಳೆಯದೇ. ಫ್ಯೂರಿಯೆ ಸರಣಿಗೆ 1900ರಲ್ಲಿ ಗಣಿತಜ್ಞ ಫೆಯರ್ ತೋರಿಸಿದ ಹಾಗೆ, ಮೊತ್ತಗಳ ಸರಾಸರಿ ತೆಗೆದೆ. ಧ್ರುವದಲ್ಲಿ ಮೊದಲ 50 ಮೊತ್ತಗಳ ಸರಾಸರಿ 1.005. ಗೆರೆಯ ಪಕ್ಕದ ಉಬ್ಬೂ ಇಳಿಯಿತು. ಬದಲಿಗೆ ಗೆರೆ ಸ್ವಲ್ಪ ಮಸುಕಾಯಿತು. ನನಗೆ ಅದು ಒಪ್ಪಿಗೆ.

ಜಿಗಿತ ಇದ್ದದ್ದಕ್ಕೇ ಈ ರಗಳೆ ಅಂದುಕೊಂಡಿದ್ದೆ. ಅದೂ ಅಲ್ಲ. n ಪದದವರೆಗಿನ ಮೊತ್ತ ತಪ್ಪನ್ನು ಎಷ್ಟರಮಟ್ಟಿಗೆ ಹಿಗ್ಗಿಸಬಲ್ಲದು ಅನ್ನುವ ಅಳತೆ ವೃತ್ತದ ಮೇಲೆ log n ಹಾಗೆ ಬೆಳೆದರೆ ಗೋಲದ ಮೇಲೆ √n ಹಾಗೆ ಬೆಳೆಯುತ್ತದೆ. ಹಾಗಾಗಿ ಎಲ್ಲೂ ಜಿಗಿಯದ ನಿರಂತರ ಫಂಕ್ಷನ್ನಿನ ಸರಣಿ ಕೂಡ ಒಂದು ಬಿಂದುವಿನಲ್ಲಿ ಡೈವರ್ಜ್ ಆಗಬಹುದು. ಅದಕ್ಕೂ ಸರಾಸರಿಯೇ ಮದ್ದು.