ನೀರು ಬರುವ ಮುಂಚೆ ಕಾಗದ ಕೊಡಿ: ತುರ್ತು ಸೇವೆಗೆ ಹೋಗುವ ಸರ್ಕಾರಿ ನೌಕರರ ಸಂಬಳದ ರಜೆ

2019ರ ಆಗಸ್ಟಿನಲ್ಲಿ ಕಬಿನಿಯಿಂದ ನೀರು ಬಿಟ್ಟು ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗಿದಾಗ ನಾನು ನಾಲ್ಕು ದಿನ ಕಚೇರಿಗೆ ಹೋಗಲಿಲ್ಲ. ಗೃಹರಕ್ಷಕ ದಳದ ಗೆಳೆಯರ ಜೊತೆ ವಯಸ್ಸಾದವರನ್ನು ಗಂಜಿ ಕೇಂದ್ರಕ್ಕೆ ಸಾಗಿಸುತ್ತಿದ್ದೆ, ಚಾಪೆ ಹಾಲು ಹಂಚುತ್ತಿದ್ದೆ. ವಾಪಸ್ ಬಂದು ನೋಡಿದರೆ ಹಾಜರಾತಿ ವಹಿಯಲ್ಲಿ ನಾಲ್ಕೂ ದಿನಕ್ಕೆ ಕೆಂಪು ಶಾಯಿಯಲ್ಲಿ ಗೈರು. ಕೊನೆಗೆ ಗಳಿಕೆ ರಜೆಯಲ್ಲಿ ಕಳೆದರು. ತುಂಬಾ ಬೇಜಾರಾಯಿತು. ಆದರೆ ನಾನು ಎಲ್ಲಿದ್ದೆ, ಯಾರು ಕರೆದರು ಅಂತ ತೋರಿಸಲು ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಆಗಿನ್ನೂ ನಾನು ದಳಕ್ಕೆ ಸೇರಿರಲಿಲ್ಲ, ಸುಮ್ನೆ ಅವರ ಹಿಂದೆ ಹೋಗಿದ್ದೆ.

ಅವತ್ತಿನಿಂದ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಒಂದೇ. ಆಗಸ್ಟಿನ ರಜೆಯ ಕೆಲಸ ಮೇ ತಿಂಗಳಲ್ಲೇ ಶುರುವಾಗಬೇಕು.

ನಮಗೆ ಬೇಕಾದ ರಜೆಯ ಹೆಸರು ವಿಶೇಷ ಸಾಂದರ್ಭಿಕ ರಜೆ. ಕಚೇರಿಯಲ್ಲಿ ಎಲ್ಲರೂ ಸ್ಪೆಷಲ್ ಸಿ.ಎಲ್. ಅಂತಾರೆ. ಸಂಬಳ ಕಡಿತ ಇಲ್ಲ, ನಿಮ್ಮ ಲೆಕ್ಕದ ಮಾಮೂಲಿ ಸಾಂದರ್ಭಿಕ ರಜೆ (ಸಿ.ಎಲ್.) ಹೋಗುವುದಿಲ್ಲ, ಗಳಿಕೆ ರಜೆಯೂ ಉಳಿಯುತ್ತದೆ. ಕೇಂದ್ರ ನೌಕರರಿಗೆ ರಕ್ತದಾನಕ್ಕೆ ವರ್ಷಕ್ಕೆ 4 ಸಲದವರೆಗೆ ಸಿಗುವುದೂ, ಅಂಗದಾನ ಮಾಡಿದವರಿಗೆ 2023ರಿಂದ 42 ದಿನದವರೆಗೆ ಸಿಗುವುದೂ ಇದೇ ಬಗೆಯ ರಜೆ. ಇದನ್ನು ಯಾಕೆ ಹಟ ಹಿಡಿದು ಕೇಳಬೇಕು ಅಂದರೆ, 2019ರಲ್ಲಿ ನಾಲ್ಕನೇ ಶನಿವಾರದ ರಜೆ ಬಂದಾಗ ರಾಜ್ಯ ನೌಕರರ ಸಿ.ಎಲ್. 15ರಿಂದ 10ಕ್ಕೆ ಇಳಿಯಿತು. ಆ ಹತ್ತರಲ್ಲಿ ಮಗುವಿನ ಜ್ವರ, ಊರ ಹಬ್ಬ, ನೆಂಟರ ಮದುವೆ ಎಲ್ಲಾ ನಡೆಯಬೇಕು. ನೆರೆಗೆ ನಾಲ್ಕು ದಿನ ಅದರಲ್ಲೇ ತೆಗೆದರೆ ಮುಂದಿನ ವರ್ಷ ಮನೆಯವರೇ ಹೋಗಬೇಡ ಅಂತಾರೆ, ಅಲ್ವಾ?

ಮೊದಲು ನೀವು ಯಾರ ನೌಕರರು ಅಂತ ಖಚಿತ ಮಾಡಿಕೊಳ್ಳಿ. ತಾಲ್ಲೂಕು ಕಚೇರಿ, ಸರ್ಕಾರಿ ಶಾಲೆ, ಖಜಾನೆಯಲ್ಲಿದ್ದರೆ ರಾಜ್ಯದ ಸೇವಾ ನಿಯಮಾವಳಿ, ಅಂದರೆ ಕೆ.ಸಿ.ಎಸ್.ಆರ್. ನಡೆಯುತ್ತದೆ. ಮೈಸೂರಿನ ಸಿ.ಎಫ್.ಟಿ.ಆರ್.ಐ., ಭಾಷಾ ಸಂಸ್ಥಾನ, ರೈಲ್ವೆ ವರ್ಕ್‌ಶಾಪಿನಂಥ ಕಡೆ ಇದ್ದರೆ ಕೇಂದ್ರದ ನಿಯಮ ಅಥವಾ ಆ ಸಂಸ್ಥೆಯದೇ ನಿಯಮ. ಕರೆಂಟಿನ ಸೆಸ್ಕ್, ಬಸ್ಸಿನ ಕೆ.ಎಸ್.ಆರ್.ಟಿ.ಸಿ. ನೌಕರರಿಗೆ ನಿಗಮದ ಸೇವಾ ನಿಯಮ. ಪಕ್ಕದ ಮನೆಯ ಕೇಂದ್ರ ನೌಕರನಿಗೆ ಸಿಕ್ಕ ಆದೇಶದ ಜೆರಾಕ್ಸ್ ತಂದು ರಾಜ್ಯದ ಕಚೇರಿಯಲ್ಲಿ ಕೊಟ್ಟರೆ ಕಡತ ಅಲ್ಲೇ ನಿಲ್ಲುತ್ತದೆ. ಇಂಥದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಎರಡನೆಯದು, ಎಲ್ಲಾದರೂ ನೋಂದಾಯಿಸಿಕೊಳ್ಳಿ. ಮನಸ್ಸು ಬಂದಾಗ ಓಡಿ ಹೋಗುವವರಿಗೆ ರಜೆ ಕೊಡಲು ಯಾವ ಅಧಿಕಾರಿಗೂ ಆಧಾರ ಇರುವುದಿಲ್ಲ. ನಮ್ಮ ಕಡೆ ಹತ್ತಿರದ ದಾರಿ ಗೃಹರಕ್ಷಕ ದಳ. 1962ರ ಕಾಯ್ದೆಯ ಕೆಳಗೆ ಇರುವ ಪಡೆ ಅದು, ಮೈಸೂರು ಮಂಡ್ಯ ಎರಡೂ ಕಡೆ ಜಿಲ್ಲಾ ಸಮಾದೇಷ್ಟರ (ಕಮಾಂಡೆಂಟ್) ಕಚೇರಿ ಇದೆ. ಈಜು ಬರುವವರು, ಗಟ್ಟಿ ಮೈಯವರು ಆಪದ ಮಿತ್ರ ಯೋಜನೆಯನ್ನೂ ವಿಚಾರಿಸಿ. ಅದು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ್ದು, ತರಬೇತಿ 12 ದಿನ. ನಿಮ್ಮ ಜಿಲ್ಲೆಯಲ್ಲಿ ಮುಂದಿನ ತಂಡ ಯಾವಾಗ ಅನ್ನುವುದನ್ನು ಡಿ.ಸಿ. ಕಚೇರಿಯ ವಿಪತ್ತು ನಿರ್ವಹಣಾ ಶಾಖೆಯಲ್ಲಿ ಕೇಳಿ. 12 ದಿನದ ತರಬೇತಿಗೂ ರಜೆ ಬೇಕಲ್ಲ, ಅದನ್ನೂ ಮೊದಲೇ ಬರೆದು ಕೇಳಿ.

ಸೇರುವ ಮುಂಚೆ ಇಲಾಖೆಯ ನಿರಾಕ್ಷೇಪಣಾ ಪತ್ರ, ಅಂದರೆ ನಮ್ಮ ಅಭ್ಯಂತರ ಇಲ್ಲ ಅನ್ನುವ ಕಾಗದ, ತೆಗೆದುಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾದ ಕಾಗದ ಇದೇ. ಸಮಾಜಸೇವೆಗೆ ಯಾಕೆ ಅನುಮತಿ ಅಂತ ಕೆಲವರು ಕೇಳುತ್ತಾರೆ. ಗೃಹರಕ್ಷಕರಿಗೆ ಕರ್ತವ್ಯ ಭತ್ಯೆ ಬರುತ್ತದೆ. ಸರ್ಕಾರಿ ಸಂಬಳದ ಜೊತೆ ಬೇರೆ ಕಡೆಯಿಂದ ದುಡ್ಡು ಬಂದರೆ ನಡತೆ ನಿಯಮದ ಪ್ರಶ್ನೆ ಏಳುತ್ತದೆ. ಭತ್ಯೆಯ ವಿಷಯವನ್ನು ಅರ್ಜಿಯಲ್ಲೇ ಬಾಯಿ ಬಿಟ್ಟು ಹೇಳಿಬಿಟ್ಟರೆ ಮುಂದೆ ಯಾರೂ ಬೆರಳು ತೋರಿಸುವ ಹಾಗಿಲ್ಲ. ನಾನು ಕೊಟ್ಟ ಅರ್ಜಿ ಹೆಚ್ಚು ಕಡಿಮೆ ಹೀಗಿತ್ತು:

"ಮಾನ್ಯರೇ, ವಿಷಯ: ಗೃಹರಕ್ಷಕ ದಳಕ್ಕೆ ಸೇರಲು ನಿರಾಕ್ಷೇಪಣಾ ಪತ್ರ ನೀಡುವ ಬಗ್ಗೆ. ನಾನು ತಮ್ಮ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕನಾಗಿ ಕೆಲಸ ಮಾಡುತ್ತಿದ್ದೇನೆ. ಗೃಹರಕ್ಷಕ ದಳದಲ್ಲಿ ಸ್ವಯಂಸೇವಕನಾಗಿ ನೋಂದಾಯಿಸಿಕೊಳ್ಳಲು ಇಚ್ಛಿಸಿದ್ದು, ಕಚೇರಿ ಕೆಲಸಕ್ಕೆ ಅಡ್ಡಿಯಾಗದಂತೆ ನಡೆದುಕೊಳ್ಳುತ್ತೇನೆ. ದಳದಿಂದ ಬರುವ ಕರ್ತವ್ಯ ಭತ್ಯೆಯನ್ನು ಪಡೆಯಲು ಅನುಮತಿ ನೀಡಬೇಕಾಗಿಯೂ, ತರಬೇತಿ ಹಾಗೂ ತುರ್ತು ಕರೆಯ ದಿನಗಳಿಗೆ ನಿಯಮಾನುಸಾರ ವಿಶೇಷ ಸಾಂದರ್ಭಿಕ ರಜೆ ಪರಿಗಣಿಸಬೇಕಾಗಿಯೂ ಕೋರುತ್ತೇನೆ."

ಇದನ್ನು ಎರಡು ಪ್ರತಿ ಮಾಡಿ, ಟಪ್ಪಾಲಿನಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ತಾರೀಖಿನ ಮೊಹರು ಹಾಕಿಸಿಕೊಳ್ಳಿ. ಸಾಹೇಬರ ಕೈಗೇ ಕೊಟ್ಟೆ, ಆಯ್ತು ಹೋಗು ಅಂದರು ಅಂತ ಬಂದುಬಿಡಬೇಡಿ. ಒಳ್ಳೆಯ ಸಾಹೇಬರು ಜೂನ್ ತಿಂಗಳಲ್ಲಿ ವರ್ಗವಾಗಿ ಹೋಗುತ್ತಾರೆ, ಅವರ ಮಾತು ಅವರ ಜೊತೆಯೇ ಹೋಗುತ್ತದೆ. ಮೊಹರು ಇಲ್ಲೇ ಇರುತ್ತದೆ.

ಇನ್ನು ಕರೆ ಬಂದ ದಿನ. ನೆರೆ ಒಂದೇ ಸಲ ಮೇಲೆ ಬೀಳುವುದಿಲ್ಲ, ನಮ್ಮ ಕಡೆ ಅದಕ್ಕೆ ಮುನ್ಸೂಚನೆ ಇರುತ್ತದೆ. ಕೆ.ಆರ್.ಎಸ್. ತುಂಬುವುದು 124.80 ಅಡಿಗೆ. 120 ದಾಟಿತು, ಕೊಡಗಿನಲ್ಲಿ ಮಳೆ ಬಿಟ್ಟಿಲ್ಲ ಅಂತ ಪೇಪರಿನಲ್ಲಿ ಬಂದ ದಿನವೇ ಮೇಲಧಿಕಾರಿಗೆ ಹೇಳಿಡಿ, ನಿಮ್ಮ ಕೆಲಸ ಯಾರು ನೋಡಿಕೊಳ್ಳುತ್ತಾರೆ ಅನ್ನುವುದನ್ನೂ ಹೇಳಿ. ನಿಮಿಷಾಂಬ ದೇವಸ್ಥಾನದ ಮೆಟ್ಟಿಲು ಮುಳುಗಿದ ಮೇಲೆ ಹೋಗಿ ಹೇಳಿದರೆ ಅವರಿಗೂ ಕಷ್ಟ, ಕಚೇರಿ ನಡೆಸಬೇಕಲ್ಲ. ದಳದಿಂದ ಬರುವ ಕರೆಯ ಪತ್ರದಲ್ಲಿ ನಿಮ್ಮ ಹೆಸರು, ದಳದ ನಂಬರು, ಎಲ್ಲಿಗೆ, ಯಾವ ದಿನದಿಂದ ಅನ್ನುವುದು ಇರಲಿ. ಸಮಾದೇಷ್ಟರ ಕಚೇರಿಯವರನ್ನು ಕೇಳಿ, ರಜೆಗೆ ಆಧಾರವಾದ ಸರ್ಕಾರಿ ಆದೇಶದ ಸಂಖ್ಯೆಯನ್ನು ಅದೇ ಪತ್ರದಲ್ಲಿ ಬರೆಸಿಕೊಳ್ಳಿ. ನಿಮ್ಮ ಕಚೇರಿಯಲ್ಲಿ ಕಡತ ನೋಡುವ ವಿಷಯ ನಿರ್ವಾಹಕರು ಕೇಳುವ ಮೊದಲ ಪ್ರಶ್ನೆಯೇ ಯಾವ ಆದೇಶದ ಪ್ರಕಾರ ಅನ್ನುವುದು. ಉತ್ತರ ಪತ್ರದಲ್ಲೇ ಇದ್ದರೆ ಅವರಿಗೆ ಟಿಪ್ಪಣಿ ಬರೆಯುವುದು ಸುಲಭ, ನಿಮ್ಮ ಕಡತ ಬೇಗ ಓಡುತ್ತದೆ.

ಎಲ್ಲ ಅವಘಡವೂ ಹೇಳಿ ಬರುವುದಿಲ್ಲ. 2018ರ ನವೆಂಬರ್ 24ರ ಶನಿವಾರ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಹೋದರು, ಅದರಲ್ಲಿ ಶಾಲೆ ಮಕ್ಕಳೂ ಇದ್ದರು. ಮೊದಲು ನಾಲೆಗೆ ಇಳಿದವರು ಅಕ್ಕಪಕ್ಕದ ಊರವರೇ. ಅಂಥ ಹೊತ್ತಿನಲ್ಲಿ ಅರ್ಜಿ ಬರೆಯುತ್ತಾ ಯಾರೂ ಕೂರಬಾರದು, ಹೋಗಿಬಿಡಿ. ದಾರಿಯಲ್ಲಿ ಮೇಲಧಿಕಾರಿಗೆ ಒಂದು ವಾಟ್ಸಾಪ್ ಮೆಸೇಜ್ ಹಾಕಿ: ಇಂಥ ಕಡೆ ಅವಘಡ, ಇಷ್ಟು ಗಂಟೆಗೆ ದಳದಿಂದ ಕರೆ ಬಂತು, ಹೋಗುತ್ತಿದ್ದೇನೆ. ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಮಾರನೆಯ ದಿನ ದಳದಿಂದ ಪತ್ರ ಮಾಡಿಸಿ ಕಚೇರಿಗೆ ಮುಟ್ಟಿಸಿ.

ಸ್ಥಳದಲ್ಲಿ ಪ್ರತಿದಿನ ಹಾಜರಿ ಹಾಕಿಸಿ. ಕೊನೆಯ ದಿನ ಮನೆಗೆ ಹೊರಡುವ ಮುಂಚೆಯೇ ಹಾಜರಾತಿ ಪ್ರಮಾಣಪತ್ರ ಕೇಳಿ. ಮೈಕೈ ನೋವು, ಕೆಸರು ಬಟ್ಟೆ, ಒಂದು ಸಲ ಮನೆ ಸೇರಿದರೆ ಸಾಕು ಅನ್ನಿಸಿರುತ್ತದೆ. ಆದರೆ ಒಂದು ವಾರ ಬಿಟ್ಟು ಹೋದರೆ ಸಹಿ ಹಾಕಬೇಕಾದವರು ಬೇರೆ ಬಂದೋಬಸ್ತಿಗೆ ಹೋಗಿರುತ್ತಾರೆ. ದಸರಾ ಹತ್ತಿರ ಬಂತೆಂದರೆ ಅವರು ಸಿಗುವುದೇ ಇಲ್ಲ.

ಇಲ್ಲೊಂದು ಗೊಂದಲ ಬಿಡಿಸಬೇಕು. 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಜಿಲ್ಲಾ ಪ್ರಾಧಿಕಾರಕ್ಕೆ ಡಿ.ಸಿ.ಯೇ ಅಧ್ಯಕ್ಷರು. ಅವರು ಆದೇಶ ಹೊರಡಿಸಿ ನಿಮ್ಮನ್ನೇ ಗಂಜಿ ಕೇಂದ್ರದ ನೋಡಲ್ ಅಧಿಕಾರಿ ಮಾಡಿದರೆ ನೀವು ಸ್ವಯಂಸೇವಕರಲ್ಲ, ಕರ್ತವ್ಯದ ಮೇಲೆ ಇದ್ದೀರಿ. ಆಗ ರಜೆ ಅರ್ಜಿ ಹಾಕಲೇಬೇಡಿ, ಅನ್ಯ ಕಾರ್ಯ ನಿಮಿತ್ತ ಅಂತ ದಾಖಲಾಗಬೇಕು. ಆ ಕೆಲಸವನ್ನು ತಪ್ಪಿಸಿಕೊಂಡರೆ ಅದೇ ಕಾಯ್ದೆಯಲ್ಲಿ ಶಿಕ್ಷೆಯೂ ಇದೆ. ಚುನಾವಣೆ ಡ್ಯೂಟಿ ಬಿದ್ದಿದ್ದರೆ ದಳದವರಿಗೇ ಬರಲಾಗದು ಅಂತ ತಿಳಿಸಿ. ಲೈನ್‌ಮನ್, ನರ್ಸ್, ನೀರು ಬಿಡುವವರು ಇಂಥ ಹೊತ್ತಿನಲ್ಲಿ ತಮ್ಮ ಜಾಗದಲ್ಲಿ ಇರುವುದೇ ಊರಿಗೆ ಜಾಸ್ತಿ ಉಪಕಾರ.

ರಜೆ ಕೊಡುವುದಿಲ್ಲ ಅಂದರೆ? ಆಸ್ಟ್ರೇಲಿಯಾದ 2009ರ ಫೇರ್ ವರ್ಕ್ ಕಾಯ್ದೆಯಲ್ಲಿ ತುರ್ತು ಸೇವೆಯ ಸ್ವಯಂಸೇವಕ ನೌಕರನಿಗೆ ಕೆಲಸ ಬಿಟ್ಟು ಹೋಗುವುದು ಹಕ್ಕು, ಆದರೆ ಆ ದಿನಗಳ ಸಂಬಳಕ್ಕೆ ಆ ಕಾಯ್ದೆ ಖಾತ್ರಿ ಕೊಡುವುದಿಲ್ಲ. ನಮ್ಮಲ್ಲಿ ಸಂಬಳ ಉಳಿಯುತ್ತದೆ, ಆದರೆ ರಜೆ ಮಂಜೂರು ಮಾಡುವವರ ಕೈಯಲ್ಲಿರುತ್ತದೆ. ಹಾಗಾಗಿ ಜಗಳ ಬೇಡ. ನಿರಾಕರಣೆಯನ್ನು ಬರವಣಿಗೆಯಲ್ಲಿ, ಕಾರಣದ ಜೊತೆ ಕೊಡಿ ಅಂತ ವಿನಯವಾಗಿ ಕೇಳಿ. ಎಷ್ಟೋ ಕಡತ ಅಲ್ಲೇ ತಿರುಗಿ ಮಂಜೂರಾಗುತ್ತದೆ. ಆಗದಿದ್ದರೆ ನಿಮ್ಮ ಇಲಾಖೆಯ ಮೇಲಿನ ಹಂತಕ್ಕೆ ಮನವಿ ಕೊಡಿ, ಜೊತೆಗೆ ನಿರಾಕ್ಷೇಪಣಾ ಪತ್ರ, ಕರೆಯ ಪತ್ರ, ಪ್ರಮಾಣಪತ್ರ ಮೂರನ್ನೂ ಇಡಿ. ಆದೇಶದ ಪ್ರತಿ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಬಹುದು, 30 ದಿನದಲ್ಲಿ ಉತ್ತರ ಕೊಡಬೇಕು.

ಮಂಜೂರಾದ ಮೇಲೂ ಒಂದು ಕೆಲಸ ಉಳಿಯುತ್ತದೆ. ಸಂಬಳ, ರಜೆಯ ಲೆಕ್ಕ ಇಡುವ ಕಂಪ್ಯೂಟರ್ ವ್ಯವಸ್ಥೆ ಎಚ್.ಆರ್.ಎಂ.ಎಸ್.ನಲ್ಲಿ ಆ ದಿನಗಳು ಸ್ಪೆಷಲ್ ಸಿ.ಎಲ್. ಅಂತಲೇ ಹತ್ತಿದೆಯೋ, ಕೈತಪ್ಪಿ ಗಳಿಕೆ ರಜೆಗೆ ಹೋಗಿದೆಯೋ ನೋಡಿ. ಆ ತಿಂಗಳ ಸಂಬಳದ ಬಿಲ್ಲು ಆಗುವ ಮುಂಚೆಯೇ ನೋಡಿ, ಖಜಾನೆಗೆ ಹೋದ ಮೇಲೆ ತಿದ್ದಿಸಲು ಓಡಾಟ ಜಾಸ್ತಿ.